ಯಂತ್ರವಿಲ್ಲದೆ ಚದುರಂಗ ಆಡಿಸಿದ ಅಲನ್ ಟ್ಯೂರಿಂಗ್

ಹರಿಹರದ ಕಡೆಯಿಂದ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿಗೆ ರೈಲಿನಲ್ಲಿ ಬರುವವರು ತುಂಗಭದ್ರೆಯನ್ನು ದಾಟಿಯೇ ಬರಬೇಕು. ಇದೇ ನದಿಗೆ ಇನ್ನೂ ಕೆಳಗೆ, ರಾಯಚೂರಿನ ಮಾರ್ಗದಲ್ಲಿ, ಮದ್ರಾಸ್ ರೈಲ್ವೆಯ ಸೇತುವೆಯ ಕೆಲಸ ನೋಡಿದವರಲ್ಲಿ ಎಡ್ವರ್ಡ್ ವಾಲರ್ ಸ್ಟೋನಿ ಎಂಬ ಇಂಜಿನಿಯರ್ ಒಬ್ಬರು. ಮುಂದೆ ಆ ರೈಲ್ವೆಯ ಮುಖ್ಯ ಇಂಜಿನಿಯರ್ ಆದರು. ಕೊಯಮತ್ತೂರು ಸಮೀಪದ ಪೋದನೂರಿನಲ್ಲಿ 1881ರಲ್ಲಿ ಹುಟ್ಟಿದ ಅವರ ಮಗಳು ಸಾರಾ, ಮದ್ರಾಸ್ ಪ್ರಾಂತದ ಐ.ಸಿ.ಎಸ್. ಅಧಿಕಾರಿ ಜೂಲಿಯಸ್ ಟ್ಯೂರಿಂಗ್ ಅವರನ್ನು ಮದುವೆಯಾದರು. ಈ ದಂಪತಿಯ ಎರಡನೆಯ ಮಗನೇ ಕಂಪ್ಯೂಟರ್ ವಿಜ್ಞಾನಕ್ಕೆ ಬುನಾದಿ ಹಾಕಿದ ಅಲನ್ ಟ್ಯೂರಿಂಗ್.

ಅಲನ್ ಹುಟ್ಟಿದ್ದು ಲಂಡನ್ನಿನಲ್ಲಿ, 1912ರ ಜೂನ್ 23ರಂದು. ತಂದೆಯ ನೌಕರಿ ಇಲ್ಲಿ, ಮಕ್ಕಳು ಅಲ್ಲಿ. ಇಬ್ಬರು ಗಂಡುಮಕ್ಕಳನ್ನೂ ಇಂಗ್ಲೆಂಡಿನ ಕಡಲತೀರದ ಊರಿನಲ್ಲಿ ನಿವೃತ್ತ ಕರ್ನಲ್ ಒಬ್ಬರ ಮನೆಯಲ್ಲಿ ಬಿಟ್ಟು ತಂದೆತಾಯಿ ಹಡಗು ಹತ್ತುತ್ತಿದ್ದರು. ಹೀಗೆ ತಂದೆತಾಯಿಯರ ದಾರಿ ಕಾಯುತ್ತಲೇ ಬೆಳೆದ ಹುಡುಗ ಕೇಂಬ್ರಿಜ್‌ನಲ್ಲಿ ಗಣಿತ ಓದಿ, 22ನೇ ವಯಸ್ಸಿಗೇ ಅಲ್ಲಿನ ಕಿಂಗ್ಸ್ ಕಾಲೇಜಿನ ಫೆಲೋ ಆದರು.

1936ರಲ್ಲಿ ಅವರು ಬರೆದ ಪ್ರಬಂಧ ಪ್ರಸಿದ್ಧವಾದದ್ದು. ಉದ್ದನೆಯ ಪಟ್ಟಿಯ ಮೇಲೆ ಒಂದೊಂದೇ ಗುರುತನ್ನು ಓದಿ, ಅಳಿಸಿ, ಬರೆಯುವ ಯಂತ್ರವೊಂದನ್ನು ಅವರು ಮನಸ್ಸಿನಲ್ಲಿಯೇ ಕಲ್ಪಿಸಿದರು. ನಿಯಮವಾಗಿ ಹೇಳಬಹುದಾದ ಯಾವ ಲೆಕ್ಕವನ್ನಾದರೂ ಅಂಥ ಒಂದೇ ಯಂತ್ರ ಮಾಡಬಲ್ಲದು ಎಂದು ತೋರಿಸಿದರು. ಹೀಗೆ ಹಂತಹಂತವಾಗಿ ಲೆಕ್ಕ ಬಿಡಿಸುವ ಕ್ರಮಕ್ಕೆ ಅಲ್ಗಾರಿದಮ್ ಎನ್ನುತ್ತಾರೆ. 9ನೇ ಶತಮಾನದ ಬಾಗ್ದಾದಿನ ಗಣಿತಜ್ಞ ಅಲ್-ಖ್ವಾರಿಝ್ಮಿ ಅವರ ಹೆಸರೇ ಲ್ಯಾಟಿನ್ ಬಾಯಿಗೆ ಸಿಕ್ಕು ಹೀಗಾಯಿತೆಂಬುದನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರೋ ಇಲ್ಲವೋ!

ಎರಡನೇ ಮಹಾಯುದ್ಧದಲ್ಲಿ ಬ್ಲೆಚ್ಲಿ ಪಾರ್ಕ್‌ನಲ್ಲಿ ಜರ್ಮನರ ಎನಿಗ್ಮಾ ಗುಪ್ತಲಿಪಿಯನ್ನು ಒಡೆಯುವ ಕೆಲಸದಲ್ಲಿ ಅವರು ಮುಂಚೂಣಿಯಲ್ಲಿದ್ದರು. ಅಲ್ಲಿ ಇಂಗ್ಲೆಂಡಿನ ಹೆಸರಾಂತ ಚದುರಂಗ ಆಟಗಾರರೂ ಇದ್ದರು. ಟ್ಯೂರಿಂಗ್ ಮಾತ್ರ ಸಾಧಾರಣ ಆಟಗಾರರು, ಸೋಲುವುದೇ ಹೆಚ್ಚು. ಆದರೆ ಯಂತ್ರ ಚದುರಂಗ ಆಡಬಹುದೇ ಎಂಬ ವಿಚಾರ ಅವರನ್ನು ಆಗಲೇ ಹಿಡಿದಿತ್ತು.

1948ರಲ್ಲಿ ಗೆಳೆಯ ಡೇವಿಡ್ ಚಾಂಪರ್ನೌನ್ ಜೊತೆಗೂಡಿ ಚದುರಂಗದ ಪ್ರೋಗ್ರಾಂ ಒಂದನ್ನು ರಚಿಸಿದರು. ಇಬ್ಬರ ಹೆಸರನ್ನೂ ಬೆಸೆದು ಅದಕ್ಕೆ ಟ್ಯುರೋಚಾಂಪ್ ಎಂಬ ಹೆಸರು ಬಂತು. ಅದರ ನಿಯಮಗಳು ಸರಳ. ಕಾಲಾಳಿಗೆ 1 ಅಂಕ, ಕುದುರೆಗೆ 3, ಒಂಟೆಗೆ ಮೂರೂವರೆ, ಆನೆಗೆ 5, ಮಂತ್ರಿಗೆ 10. ತನ್ನ ಪ್ರತಿಯೊಂದು ನಡೆಯನ್ನೂ, ಅದಕ್ಕೆ ಎದುರಾಳಿ ಕೊಡಬಹುದಾದ ಪ್ರತಿಯೊಂದು ಉತ್ತರವನ್ನೂ ನೋಡಬೇಕು. ಕಾಯಿ ಹೊಡೆಯುವ ಸಂದರ್ಭವಿದ್ದರೆ ಇನ್ನೂ ಮುಂದಕ್ಕೆ ನೋಡಿ, ಕೊನೆಗೆ ಅಂಕ ಕೂಡಿಸಿ, ಲಾಭದ ನಡೆಯನ್ನು ಆರಿಸಬೇಕು. ರಾಜನ ಭದ್ರತೆಗೂ, ಕಾಯಿಗಳ ಓಡಾಟದ ಅವಕಾಶಕ್ಕೂ ಅಂಕಗಳಿದ್ದವು.

ತೊಡಕೊಂದೇ. ಇದನ್ನು ನಡೆಸುವ ಯಂತ್ರ ಕೈಗೆ ಸಿಕ್ಕಿರಲಿಲ್ಲ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಕಂಪ್ಯೂಟರಿಗಾಗಿ ಬರೆಯಲು ತೊಡಗಿದರೂ ಪೂರ್ತಿಯಾಗಲಿಲ್ಲ. ಆಗ ಟ್ಯೂರಿಂಗ್ ತಾವೇ ಯಂತ್ರವಾದರು! 1952ರಲ್ಲಿ ಅಲಿಕ್ ಗ್ಲೆನಿ ಎಂಬ ಯುವ ಕಂಪ್ಯೂಟರ್ ತಜ್ಞರನ್ನು ಎದುರಿಗೆ ಕೂರಿಸಿಕೊಂಡು, ಕಾಗದ ಪೆನ್ಸಿಲ್ ಹಿಡಿದು, ಒಂದೊಂದು ನಡೆಗೂ ಅರ್ಧ ಗಂಟೆಯಷ್ಟು ಲೆಕ್ಕ ಹಾಕಿದರು. ತಮಗೆ ಬೇರೆ ಒಳ್ಳೆಯ ನಡೆ ಕಂಡರೂ ಅದನ್ನು ಆಡುವಂತಿಲ್ಲ. ನಿಯಮ ಹೇಳಿದ್ದನ್ನೇ ಆಡಬೇಕು. 29ನೇ ನಡೆಯಲ್ಲಿ ಮಂತ್ರಿ ಕೈಬಿಟ್ಟು ಪ್ರೋಗ್ರಾಂ ಸೋತಿತು. ಇದಕ್ಕೆ ಮುಂಚೆ, 1951ರ ನವೆಂಬರಿನಲ್ಲಿ, ಅದೇ ಮ್ಯಾಂಚೆಸ್ಟರಿನ ಯಂತ್ರದಲ್ಲಿ ಡೀಟ್ರಿಖ್ ಪ್ರಿಂಟ್ಸ್ ಎರಡು ನಡೆಯಲ್ಲಿ ಮಾತ್ ಮಾಡುವ ಸಮಸ್ಯೆಗಳನ್ನು ಬಿಡಿಸುವ ಪ್ರೋಗ್ರಾಂ ನಡೆಸಿದ್ದರು. ಇಡೀ ಆಟ ಆಡುವಷ್ಟು ಶಕ್ತಿ ಆ ಯಂತ್ರಕ್ಕಿರಲಿಲ್ಲ.

ಚದುರಂಗ ಅವರ ಬಿಡುವಿನ ಕೆಲಸ. ಮ್ಯಾಂಚೆಸ್ಟರಿನ ಯಂತ್ರಕ್ಕೆ ಪ್ರೋಗ್ರಾಂ ಬರೆಯುವವರಿಗೆ ಕೈಪಿಡಿ ಬರೆದವರೂ ಟ್ಯೂರಿಂಗ್ ಅವರೇ. 1950ರ ಒಂದು ರಾತ್ರಿಯಿಡೀ ಅದರ ಮೇಲೆ ರೀಮನ್ ಸಿದ್ಧಾಂತದ ಲೆಕ್ಕ ಓಡಿಸಿದರು. ಪ್ರಾಣಿಗಳ ಮೈಮೇಲಿನ ಚುಕ್ಕೆ, ಪಟ್ಟೆಗಳು ಮೂಡುವುದು ಹೇಗೆಂಬ ಸಿದ್ಧಾಂತವನ್ನು 1952ರಲ್ಲಿ ಪ್ರಕಟಿಸಿದರು. ನಮ್ಮ ಹೊಲಗಳಲ್ಲಿಯೂ ಕಾಣುವ ಸೂರ್ಯಕಾಂತಿಯಲ್ಲಿ ಬೀಜಗಳು ಸುರುಳಿಯಾಗಿ ಕೂರುವ ಲೆಕ್ಕವನ್ನೂ ಅವರು ಬೆನ್ನಟ್ಟಿದ್ದರು.

ಅದೇ 1952ರಲ್ಲಿ ಸಲಿಂಗ ಸಂಬಂಧದ ಆರೋಪದ ಮೇಲೆ ನ್ಯಾಯಾಲಯ ಅವರನ್ನು ಅಪರಾಧಿಯೆಂದಿತು. ಅಂದಿನ ಬ್ರಿಟನ್ನಿನ ಕಾನೂನು ಹಾಗಿತ್ತು. ಜೈಲಿನ ಬದಲು ಹಾರ್ಮೋನ್ ಚಿಕಿತ್ಸೆಗೆ ಒಳಗಾಗಬೇಕಾಯಿತು. ದೇಶದ ಗುಪ್ತ ಕೆಲಸದಿಂದಲೂ ದೂರವಿಟ್ಟರು. 1954ರ ಜೂನ್ 7ರಂದು ಸಯನೈಡ್ ವಿಷದಿಂದ ಅವರು ತೀರಿಕೊಂಡರು, ವಯಸ್ಸು 41. ಆತ್ಮಹತ್ಯೆಯೆಂದು ವಿಚಾರಣೆ ತೀರ್ಮಾನಿಸಿತು. ತಾಯಿ ಒಪ್ಪಲಿಲ್ಲ, ಆಕಸ್ಮಿಕವೆಂದೇ ನಂಬಿದರು. 1959ರಲ್ಲಿ ಮಗನ ಜೀವನಚರಿತ್ರೆ ಬರೆದು ಪ್ರಕಟಿಸಿದರು. ಆದರೆ ಯುದ್ಧಕಾಲದಲ್ಲಿ ಮಗ ಮಾಡಿದ ಅತಿ ದೊಡ್ಡ ಕೆಲಸ ಆಗ ಸರಕಾರಿ ಗುಟ್ಟಾಗಿತ್ತು. ಅದು ಹೊರಬೀಳತೊಡಗಿದ್ದು 1970ರ ದಶಕದಲ್ಲಿ. 2009ರಲ್ಲಿ ಬ್ರಿಟಿಷ್ ಪ್ರಧಾನಿ ಸರಕಾರದ ಪರವಾಗಿ ಕ್ಷಮೆ ಕೇಳಿದರು. 2013ರಲ್ಲಿ ರಾಣಿಯಿಂದ ಕ್ಷಮಾದಾನ ಬಂತು.

ಜನ್ಮಶತಮಾನೋತ್ಸವದ ವರ್ಷ, 2012ರಲ್ಲಿ, ಮ್ಯಾಂಚೆಸ್ಟರಿನಲ್ಲಿ ಆ ಹಳೆಯ ನಿಯಮಗಳನ್ನು ಇಂದಿನ ಕಂಪ್ಯೂಟರಿಗೆ ಹಾಕಿ ಮಾಜಿ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಅವರ ಎದುರು ಆಡಿಸಿದರು. ಕಾಸ್ಪರೋವ್ 16 ನಡೆಗಳಲ್ಲಿ ಗೆದ್ದರು. ಟ್ಯೂರಿಂಗ್ ಅರ್ಧ ಗಂಟೆ ಹಿಡಿಸಿಕೊಳ್ಳುತ್ತಿದ್ದ ಲೆಕ್ಕವನ್ನು ಯಂತ್ರ ಕ್ಷಣದಲ್ಲಿ ಮಾಡಿ ಮುಗಿಸುತ್ತಿತ್ತು.