ಗಣಿತಜ್ಞ ಜೋಸೆಫ್ ಫೋರಿಯರ್

ಸ್ನೇಹಸಮ್ಮೇಳನದ ನಾಟಕ, ಹಾಡು, ಬಹುಮಾನ ವಿತರಣೆ ಇವೆಲ್ಲವನ್ನೂ ಇಂದು ನಾವು ಅಂಗೈಯಗಲದ ಮೊಬೈಲಿನಲ್ಲಿ ನೋಡುತ್ತೇವೆ. ಇಷ್ಟೊಂದು ಚಿತ್ರಗಳು ಅಷ್ಟು ಚಿಕ್ಕ ಜಾಗದಲ್ಲಿ ಹೇಗೆ ಹಿಡಿಸುತ್ತವೆ? ಈ ಪ್ರಶ್ನೆಯ ಬೆನ್ನು ಹತ್ತಿದರೆ ನಾವು ಇನ್ನೂರು ವರ್ಷಗಳ ಹಿಂದಿನ ಒಬ್ಬ ಸಿಂಪಿಗನ ಮಗನನ್ನು ಕಾಣುತ್ತೇವೆ. ಅವನೇ ಜೋಸೆಫ್ ಫೋರಿಯರ್.

ಫೋರಿಯರನು 1768ನೇ ಮಾರ್ಚ್ 21ರಂದು ಫ್ರಾನ್ಸ್ ದೇಶದ ಓಸೇರ್ ಎಂಬ ಊರಿನಲ್ಲಿ ಜನಿಸಿದನು. ಹತ್ತು ವರ್ಷದ ಸುಮಾರಿಗೆ ತಾಯಿತಂದೆಗಳಿಬ್ಬರನ್ನೂ ಕಳೆದುಕೊಂಡು ತಬ್ಬಲಿಯಾದನು. ಊರಿನ ಸೈನಿಕ ಶಾಲೆಯಲ್ಲಿ ಸನ್ಯಾಸಿಗಳು ಅವನಿಗೆ ವಿದ್ಯೆ ಕಲಿಸಿದರು. ಉರಿದುಳಿದ ಮೇಣದಬತ್ತಿಯ ತುಂಡುಗಳನ್ನು ಕೂಡಿಹಾಕಿ ರಾತ್ರಿ ಗಣಿತ ಓದುತ್ತಿದ್ದನೆಂದು ಹೇಳುತ್ತಾರೆ. ಫ್ರೆಂಚ್ ಕ್ರಾಂತಿಯ ಕಾಲಕ್ಕೆ, 1794ರಲ್ಲಿ, ಸೆರೆಮನೆ ಸೇರಿದನು; ಜೀವ ಉಳಿದದ್ದೇ ಪುಣ್ಯ. 1798ರಲ್ಲಿ ನೆಪೋಲಿಯನ್ನನ ಸಂಗಡ ಈಜಿಪ್ಟಿಗೆ ಹೋದನು. ಮರಳಿ ಬಂದ ಮೇಲೆ ಗ್ರೆನೋಬಲ್ ಊರಿನಲ್ಲಿ ಆಡಳಿತಾಧಿಕಾರಿಯಾದನು.

ವೈಶಾಖದಲ್ಲಿ ನಮ್ಮ ವಳಸಂಗದ ತಗಡಿನ ಮಾಡು ಹೇಗೆ ಕಾಯುವುದೆಂದು ನಾವೆಲ್ಲ ಬಲ್ಲೆವು. ಕಾಯ್ದ ಲೋಹದಲ್ಲಿ ಶಾಖವು ಹೇಗೆ ಹರಡುತ್ತದೆಂಬುದೇ ಫೋರಿಯರನ ಚಿಂತೆ. ಕಚೇರಿಯ ಕೆಲಸದ ನಡುವೆಯೇ ಅವನು ಒಂದು ತತ್ವ ಕಂಡುಕೊಂಡನು: ಎಂತಹ ಅಂಕುಡೊಂಕಿನ ಏರಿಳಿತವನ್ನೂ ಸರಳ ಅಲೆಗಳ ಮೊತ್ತವಾಗಿ ಬರೆಯಬಹುದು. 1807ರಲ್ಲಿ ಪ್ಯಾರಿಸ್ಸಿನ ವಿದ್ವಾಂಸರ ಮುಂದಿಟ್ಟಾಗ, ಹಿರಿಯ ಗಣಿತಜ್ಞ ಲಗ್ರಾಂಜನು ಒಪ್ಪಲಿಲ್ಲ. ಪ್ರಬಂಧವು ಅಚ್ಚಾಗಲಿಲ್ಲ. ಫೋರಿಯರನು ಎದೆಗುಂದದೆ ಅದನ್ನು ತಿದ್ದಿ ಬೆಳೆಸಿ, 1822ರಲ್ಲಿ ಗ್ರಂಥವಾಗಿ ಹೊರತಂದನು. 1830ನೇ ಮೇ 16ರಂದು ತೀರಿಕೊಂಡನು.

ಈ ತತ್ವದ ಕೊಂಡಿಯೊಂದು ನಮ್ಮ ಕನ್ನಡ ನಾಡಿನಲ್ಲಿದೆ. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ನಾಸಿರ್ ಅಹ್ಮದ್ ಅವರು ಅಮೇರಿಕೆಯಲ್ಲಿ ಪ್ರಾಧ್ಯಾಪಕರಾಗಿದ್ದಾಗ, ಇಂತಹ ಅಲೆಗಳಿಂದಲೇ ಚಿತ್ರಗಳನ್ನು ಕುಗ್ಗಿಸುವ ವಿಚಾರ ಮಾಡಿದರು. 1972ರಲ್ಲಿ ಧನಸಹಾಯ ಕೇಳಿದರೆ ಸಿಗಲಿಲ್ಲ. ಅವರೂ ಬಿಡಲಿಲ್ಲ. 1974ರಲ್ಲಿ ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ ತಮ್ಮ ವಿಧಾನವನ್ನು ಪ್ರಕಟಿಸಿದರು.

ಸೋಲಾಪುರದ ಚಾದರದ ಪಟ್ಟೆಯಲ್ಲಿ ಪಕ್ಕಪಕ್ಕದ ಎಳೆಗಳು ಒಂದೇ ಬಣ್ಣದವು. ಚಿತ್ರದಲ್ಲಿಯೂ ಹಾಗೆಯೇ, ಪಕ್ಕಪಕ್ಕದ ಚುಕ್ಕೆಗಳು ಬಹಳಮಟ್ಟಿಗೆ ಒಂದೇ ತೆರ. ಆದ್ದರಿಂದ ಚಿತ್ರವನ್ನು 64 ಚುಕ್ಕೆಗಳ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕವನ್ನು ಅಲೆಗಳ ಮೊತ್ತವಾಗಿ ಬರೆದರೆ, ಕೆಲವೇ ಅಲೆಗಳು ಮುಖ್ಯವಾಗುತ್ತವೆ. ಕಣ್ಣಿಗೆ ಗೊತ್ತಾಗದ ಸಣ್ಣ ಅಲೆಗಳನ್ನು ಬಿಟ್ಟುಬಿಡಬಹುದು. ವಿಡಿಯೋದಲ್ಲಿ ಇದರ ಜೊತೆಗೆ, ಒಂದು ಚಿತ್ರದಿಂದ ಮುಂದಿನದಕ್ಕೆ ಬದಲಾದದ್ದನ್ನು ಮಾತ್ರ ಬರೆದಿಡುತ್ತಾರೆ. ಹೀಗೆ ಮಾಡದಿದ್ದರೆ ಸೆಕೆಂಡಿಗೆ 25 ಚಿತ್ರಗಳ, 1920×1080 ಚುಕ್ಕೆಗಳ ವಿಡಿಯೋ ಒಂದು ಗಂಟೆಗೆ ಸುಮಾರು 560 ಗಿಗಾಬೈಟ್ ಆಗುತ್ತದೆ!

ಆದರೆ ಒಂದು ಎಚ್ಚರ ಬೇಕು. ಬಿಟ್ಟ ಅಲೆ ಮರಳಿ ಬಾರದು. ಕುಗ್ಗಿಸಿದ್ದನ್ನೇ ಮತ್ತೆ ಮತ್ತೆ ಕುಗ್ಗಿಸಿದರೆ ಮುಖಗಳು ಮಸುಕಾಗುತ್ತವೆ. ಅದಕ್ಕೆಂದೇ ದೊಡ್ಡ ಸಂಗ್ರಹಾಲಯಗಳು ಏನನ್ನೂ ಬಿಡದೆ ಕುಗ್ಗಿಸುವ ಎಫ್‌ಎಫ್‌ವಿ1 ಮೊದಲಾದ ಕ್ರಮಗಳನ್ನು ಅನುಸರಿಸುತ್ತವೆ. ನಾವಾದರೂ, ಕ್ಯಾಮೆರಾ ಕೊಟ್ಟ ಮೂಲ ಫೈಲನ್ನು ಎರಡು ಡಿಸ್ಕುಗಳಲ್ಲಿ, ಎರಡು ಬೇರೆ ಸ್ಥಳಗಳಲ್ಲಿ ಇಟ್ಟು, ಹಂಚಲಿಕ್ಕೆ ಮಾತ್ರ ಚಿಕ್ಕ ಪ್ರತಿ ಮಾಡಿಕೊಳ್ಳಬೇಕು. ಇಂದು ವೇದಿಕೆ ಏರಿದ ಮಕ್ಕಳ ಮುಖಗಳನ್ನು ನಾಳೆ ಅವರ ಮಕ್ಕಳೂ ನೋಡಲಿ.

ವಿದ್ಯಾರ್ಥಿ ಮಿತ್ರರೇ, ಬಲ್ಲವರು ಬೇಡವೆಂದ ವಿಚಾರವನ್ನು ಫೋರಿಯರನು ಹದಿನೈದು ವರ್ಷ ಕಾಪಾಡಿಕೊಂಡನು. ಆ ತಾಳ್ಮೆಯ ಫಲವನ್ನು ನಾವಿಂದು ನಮ್ಮ ಅಂಗೈಯಲ್ಲಿ ಹಿಡಿದಿದ್ದೇವೆ.