ಮನೆಗೆ ಬಂದ ಗರಡಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ - ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎನಿಸಿಕೊಂಡಿವೆ. ನನ್ನ ಅಧ್ಯಾಪಕ ವೃತ್ತಿಯೆಲ್ಲವೂ ಈ ನಾಲ್ಕರ ಎಲ್ಲೆಯೊಳಗೇ ಕಳೆಯಿತು. ಎಲ್ಲಿಗೆ ವರ್ಗವಾದರೂ ಆ ಊರಿನ ಗರಡಿಮನೆಯನ್ನು ಒಮ್ಮೆ ನೋಡಿಬರುವುದು ನನ್ನ ಅಭ್ಯಾಸವಾಗಿತ್ತು. ತಲೆಬಾಗಿಸಿಯೇ ಒಳಗೆ ಹೋಗಬೇಕಾದ ಬಾಗಿಲು, ಕೆಮ್ಮಣ್ಣಿನ ಮಟ್ಟಿ, ಗೋಡೆಗೆ ಒರಗಿಸಿದ ಗದೆ, ಗೂಡಿನಲ್ಲಿ ಆಂಜನೇಯ. ಉಸ್ತಾದರ ಅಪ್ಪಣೆಯಿಲ್ಲದೆ ಅಲ್ಲಿ ಯಾರೂ ಮಟ್ಟಿಗೆ ಇಳಿಯರು. ವಿದ್ಯೆಯನ್ನು ಅರಸಿ ಶಿಷ್ಯನು ಹೋಗಬೇಕು. ವಿದ್ಯೆ ಶಿಷ್ಯನ ಮನೆಗೆ ನಡೆದು ಬರತಕ್ಕದ್ದಲ್ಲ ಎಂದು ನಾನೂ ನಂಬಿದ್ದೆ. ಪಾರ್ಶ್ವವಾಯು ನನ್ನ ಬಲಗೈಯನ್ನು ಹಿಡಿದ ಮೇಲೆ ಆ ನಂಬಿಕೆ ಸಡಿಲವಾಯಿತು.

ಈಗ ಮಧುಗಿರಿಯ ನನ್ನ ಮನೆಗೆ ಬೆಳಗಿನ ಹೊತ್ತು ಒಬ್ಬ ತರುಣ ಬರುತ್ತಾನೆ. ಬೀದಿಯವರು ಅವನನ್ನು ಟ್ರೈನರ್ ಎನ್ನುತ್ತಾರೆ. ನನ್ನ ಮೊಮ್ಮಗನ ವಯಸ್ಸು. ನನ್ನನ್ನು ಮೇಷ್ಟ್ರೇ ಎಂದು ಕರೆಯುತ್ತಲೇ, ಹೆಬ್ಬೆರಳನ್ನು ಎತ್ತಿ, ಇನ್ನೊಮ್ಮೆ ಎತ್ತಿ ಎಂದು ಆಜ್ಞೆ ಮಾಡುತ್ತಾನೆ. ಮೂವತ್ತು ವರ್ಷಗಳಿಗೂ ಮಿಗಿಲಾಗಿ ಕರಿಹಲಗೆಯ ಮೇಲೆ ಬರೆದ ಕೈ ಒಂದು ಸೀಮೆಸುಣ್ಣದ ತುಂಡನ್ನು ಹಿಡಿಯಲಾರದೆ ಬೀಳಿಸುವಾಗ ಆಗುವ ನಾಚಿಕೆಯನ್ನು ಬಣ್ಣಿಸಿ ಪ್ರಯೋಜನವಿಲ್ಲ. ಅಂಥ ಒಂದು ಬೆಳಗಿನಲ್ಲಿ ನನಗೆ ಕೆ. ವಿ. ಅಯ್ಯರ್ ಅವರ ನೆನಪು ಬಂದಿತು. ಇದೇ ವ್ಯಾಧಿಗೆ ತುತ್ತಾದ ಒಬ್ಬ ಮಹಾರಾಜರ ನೆರವಿಗೆ ಬಂದ ವ್ಯಾಯಾಮಗುರು ಅವರು.

ಕನ್ನಡದ ವಾಚಕರಿಗೆ ಅಯ್ಯರ್ ಅವರ ಹೆಸರು ಹೆಚ್ಚಾಗಿ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳಿಂದಲೇ ಪರಿಚಿತ. ನಾನೂ ಮೊದಲು ಅವರನ್ನು ಬಲ್ಲದ್ದು ಹಾಗೆಯೇ. ಹೊಯ್ಸಳ ವಿಷ್ಣುವರ್ಧನನ ರಾಣಿಯ ಬದುಕನ್ನು ಅಷ್ಟು ಮೃದುವಾಗಿ ಬರೆದ ಲೇಖನಿ ಕಬ್ಬಿಣದ ಗುಂಡುಗಳನ್ನು ಎತ್ತಿ ಆಡಿದ ಕೈಯಲ್ಲಿತ್ತೆಂದು ತಿಳಿದಾಗ ನನಗೆ ಆಶ್ಚರ್ಯವಾಗಿತ್ತು.

ಅವರು ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ, ಕೋಲಾರದ ಸೀಮೆಯಲ್ಲಿ. ಹೆಸರಿನ ಮೊದಲಕ್ಷರದಲ್ಲಿ ಕೋಲಾರವೇ ಅಡಗಿದೆ. ಅವರ ಬಾಲ್ಯದ ಕಾಲಕ್ಕೆ ಜರ್ಮನಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಹೆಸರಾದ ಯೂಜಿನ್ ಸ್ಯಾಂಡೋ ಎಂಬ ಜಟ್ಟಿಯ ಕೀರ್ತಿ ಲೋಕವನ್ನೆಲ್ಲ ಸುತ್ತುತ್ತಿತ್ತು. 1904-05ರಲ್ಲಿ ಆತ ಭಾರತಕ್ಕೂ ಬಂದು ಹೋದ. ಕುಸ್ತಿಯಲ್ಲಿ ಎದುರಾಳಿಯನ್ನು ಕೆಡಹುವುದಕ್ಕಾಗಿ ಅಲ್ಲ, ದೇಹವನ್ನು ಶಿಲ್ಪದಂತೆ ತಿದ್ದುವುದಕ್ಕಾಗಿ ವ್ಯಾಯಾಮ ಮಾಡಬೇಕೆಂಬ ಹೊಸ ಭಾವನೆ ಆತನಿಂದ ಹಬ್ಬಿತು. ಅಯ್ಯರ್ ಅವರು ಆ ಭಾವನೆಯನ್ನು ಸ್ವೀಕರಿಸಿದರು; ಆದರೆ ಅಲ್ಲಿಗೇ ನಿಲ್ಲಲಿಲ್ಲ. 1922ರ ಹೊತ್ತಿಗೆ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನಾಸಿಯಮ್ ಎಂಬ ವ್ಯಾಯಾಮಶಾಲೆಯನ್ನು ತೆರೆದು, ಪಶ್ಚಿಮದ ಬಾರ್‌ಬೆಲ್, ಡಂಬೆಲ್‌ಗಳ ಪಕ್ಕದಲ್ಲಿ ನಮ್ಮ ಯೋಗಾಸನಗಳನ್ನೂ ಸೂರ್ಯನಮಸ್ಕಾರವನ್ನೂ ನಿಲ್ಲಿಸಿದರು. ಆಸನಗಳ ವಿಷಯದಲ್ಲಿ ಅವರಿಗೆ ಜೊತೆಯಾದವರು ಯೋಗಾಚಾರ್ಯ ಸುಂದರಂ. ಭಾರವೆತ್ತುವುದು ಸ್ನಾಯುವಿಗೆ, ಆಸನ ಒಳಗಿನ ಅವಯವಗಳಿಗೆ. ಎರಡೂ ಸೇರಿದರೆ ಪೂರ್ಣವಾದ ಆರೋಗ್ಯ ಎಂಬುದು ಅವರ ಮತ.

ಇಂಗ್ಲಿಷಿನಲ್ಲಿ ಅವರು ಬರೆದ ‘ಮಸಲ್ ಕಲ್ಟ್’ 1930ರಲ್ಲಿಯೂ, ‘ಪರ್ಫೆಕ್ಟ್ ಫಿಸೀಕ್’ 1936ರಲ್ಲಿಯೂ, ‘ಸೂರ್ಯ ನಮಸ್ಕಾರ್’ 1937ರಲ್ಲಿಯೂ ಹೊರಬಂದವು. ವಿದೇಶದ ಅಂಗಸಾಧನೆಯ ಪತ್ರಿಕೆಗಳಲ್ಲಿ ಅವರ ದೇಹದ ಭಾವಚಿತ್ರಗಳು ಅಚ್ಚಾದವು. ನಾನು ತರುಣನಾಗಿದ್ದಾಗ ಅಂಥ ಚಿತ್ರಗಳನ್ನು ಕಂಡು ಇದು ಬರಿಯ ದೇಹಾಭಿಮಾನವಲ್ಲವೆ ಎಂದು ಮೂಗು ಮುರಿದದ್ದುಂಟು. ಪುಸ್ತಕವನ್ನೇ ನೆಚ್ಚಿಕೊಂಡ ಅಧ್ಯಾಪಕನಿಗೆ ಕನ್ನಡಿಯ ಮುಂದೆ ನಿಲ್ಲುವವನ ಮೇಲೆ ಒಂದು ಬಗೆಯ ತಿರಸ್ಕಾರ ಸಹಜ.

ಆದರೆ ಅಯ್ಯರ್ ಅವರ ಶಿಷ್ಯವೃತ್ತಿಯಲ್ಲಿ ಶಾಲೆಯ ಬಾಗಿಲಿಗೆ ಬಂದವರು ಮಾತ್ರ ಇರಲಿಲ್ಲ. ಅಂಚೆಯ ಮೂಲಕವೂ ಅವರು ಅಂಗಸಾಧನೆಯನ್ನು ಕಲಿಸುತ್ತಿದ್ದರು. ಸ್ಯಾಂಡೋವಿನ ಕಾಲದಿಂದ ಪಶ್ಚಿಮದಲ್ಲಿ ಬಳಕೆಗೆ ಬಂದಿದ್ದ ಈ ಕ್ರಮವನ್ನು ಅವರು ನಮ್ಮ ನಾಡಿನಲ್ಲಿ ಬೇರೂರಿಸಿದರು. ನಮ್ಮ ಸೀಮೆಯಂಥ ಕಡೆಗೆ ಇದರ ಬೆಲೆ ಎಷ್ಟೆಂಬುದನ್ನು ನಾನು ಊಹಿಸಬಲ್ಲೆ. ಆ ದಿನಗಳಲ್ಲಿ ಬೆಂಗಳೂರಿನ ರೈಲು ತುಮಕೂರಿನವರೆಗೆ ಬಂದು ಮಧುಗಿರಿ, ಕೊರಟಗೆರೆಗಳನ್ನು ಬದಿಗೆ ಬಿಟ್ಟು ಹೋಗುತ್ತಿತ್ತು. ಪಾವಗಡವಂತೂ ಮೂರು ಕಡೆ ಆಂಧ್ರದ ನೆಲವನ್ನು ಒತ್ತಿಕೊಂಡು ಕುಳಿತಿರುವ ಊರು. ಅಂಥಲ್ಲಿಗೂ ಅಂಚೆಯವನು ಹೋಗುತ್ತಿದ್ದ. ಅಂಚೆಯ ಗುರುವಿಗೆ ಮಾತ್ರ ಒಂದು ಕೊರತೆ ತಪ್ಪದು: ಶಿಷ್ಯನ ಬೆನ್ನು ಬಾಗಿದರೆ ತಟ್ಟಿ ನೆಟ್ಟಗೆ ಮಾಡಲು ಆತ ಅಲ್ಲಿರುವುದಿಲ್ಲ. ಆ ಕೆಲಸವನ್ನು ಕನ್ನಡಿಗೆ ವಹಿಸಬೇಕಾಗುತ್ತದೆ. ಶಿಷ್ಯನು ತನ್ನ ತಪ್ಪನ್ನು ತಾನೇ ಕಾಣಬೇಕು, ತಾನೇ ತಿದ್ದಿಕೊಳ್ಳಬೇಕು. ನಾನು ಹಿಂದೆ ದೇಹಾಭಿಮಾನವೆಂದು ತಿರಸ್ಕರಿಸಿದ ಕನ್ನಡಿ ಉತ್ತರಪತ್ರಿಕೆಯನ್ನು ತಿದ್ದುವ ಉಪಾಧ್ಯಾಯನ ಕೆಲಸವನ್ನು ಮಾಡುತ್ತದೆಂಬುದು ಆಗ ನನಗೆ ಹೊಳೆದಿರಲಿಲ್ಲ.

ಅಂಚೆಯ ಶಿಷ್ಯನಿಗಿಂತ ತೀರ ಬೇರೆಯಾದ ಇನ್ನೊಬ್ಬ ಶಿಷ್ಯರು ಮೈಸೂರಿನ ಅರಮನೆಯಲ್ಲಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರು ಪಾರ್ಶ್ವವಾಯುವಿಗೆ ತುತ್ತಾದಾಗ ಅವರು ಚೇತರಿಸಿಕೊಳ್ಳಲು ಅಯ್ಯರ್ ಅವರು ನೆರವಾದರು. ಮಲ್ಲರಿಗೂ ಯೋಗಿಗಳಿಗೂ ಆಶ್ರಯವಿತ್ತ ದೊರೆಯೇ ಆಗ ಶಿಷ್ಯನಾಗಿ ಕೈಯೊಡ್ಡಬೇಕಾಯಿತು. ಇಂದಿನ ವೈದ್ಯಶಾಸ್ತ್ರ ಹೇಳುವಂತೆ ಈ ರೋಗದಲ್ಲಿ ಕೆಡುವುದು ಕೈಯಲ್ಲ, ಮಿದುಳು. ರಕ್ತ ಹರಿಯದೆ ಮಿದುಳಿನ ಒಂದು ಭಾಗ ನಾಶವಾದಾಗ ಕೈಗೆ ಅಪ್ಪಣೆ ಕೊಡುವವರಿಲ್ಲದೆ ಅದು ನಿಶ್ಚೇಷ್ಟಿತವಾಗುತ್ತದೆ. ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡಲು ಯತ್ನಿಸಿದರೆ ಉಳಿದ ಭಾಗಗಳು ಮೆಲ್ಲನೆ ಹೊಸ ದಾರಿಯನ್ನು ಕಲಿತುಕೊಳ್ಳುತ್ತವೆ. ಯತ್ನ ರೋಗಿಯದೇ ಆಗಿರಬೇಕು. ಬೇರೆಯವರು ಕೈಯನ್ನು ಹಿಡಿದು ಆಡಿಸಿದರೆ ಕೀಲು ಬಿಗಿಯದಂತೆ ಕಾಪಾಡಬಹುದು; ಮರೆತ ಅಪ್ಪಣೆಯನ್ನು ಮಿದುಳಿಗೆ ನೆನಪಿಸುವುದಕ್ಕೆ ಅಷ್ಟೇ ಸಾಲದು.

ಇಲ್ಲಿ ಅರಸನಿಗೂ ರಿಯಾಯಿತಿಯಿಲ್ಲ. ನಾಡನ್ನಾಳಲು ದಿವಾನರನ್ನು ನೇಮಿಸಬಹುದು, ಅಡಿಗೆಗೆ ಬಾಣಸಿಗರನ್ನು ನೇಮಿಸಬಹುದು. ತನ್ನ ಬೆರಳನ್ನು ತನ್ನ ಬದಲು ಎತ್ತಲು ಯಾರನ್ನೂ ನೇಮಿಸಲಾಗದು. ಸಿಂಹಾಸನದ ಮೇಲಿದ್ದವರಿಗೂ, ಅಂಚೆಯ ಪಾಠವನ್ನು ಗೋಡೆಗೆ ಅಂಟಿಸಿಕೊಂಡು ಬಸ್ಕಿ ಹೊಡೆಯುವ ಗುಮಾಸ್ತನ ಮಗನಿಗೂ ಅಯ್ಯರ್ ಅವರು ಕೊಡಬಹುದಾಗಿದ್ದದ್ದು ಒಂದೇ: ಕ್ರಮ. ಉಳಿದದ್ದು ಶಿಷ್ಯನ ಪಾಲು. ಪರಿಪೂರ್ಣ ದೇಹವನ್ನು ಆದರ್ಶವಾಗಿ ಹಿಡಿದ ಗುರು ಮುರಿದ ದೇಹಕ್ಕೂ ಒದಗಿಬಂದದ್ದು ಈ ಕಾರಣದಿಂದಲೇ ಎಂದು ನನ್ನ ಭಾವನೆ. ಅವರ ವಿದ್ಯೆಯ ತಿರುಳು ಉಬ್ಬಿದ ತೋಳಿನಲ್ಲಿರಲಿಲ್ಲ, ನಿತ್ಯದ ಎಣಿಕೆಯಲ್ಲಿತ್ತು.

ಮಹಾರಾಜರ ಕೃತಜ್ಞತೆ ಕಟ್ಟಡದ ರೂಪವನ್ನು ತಳೆಯಿತು. ಅವರ ಧನಸಹಾಯದಿಂದ ಬೆಂಗಳೂರಿನ ಜೆ. ಸಿ. ರಸ್ತೆಯಲ್ಲಿ 1940ರಲ್ಲಿ ಅಯ್ಯರ್ ಅವರ ವ್ಯಾಯಾಮಶಾಲೆ ಎದ್ದಿತು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಮಹಾರಾಜರು ತೀರಿಕೊಂಡರು. ಅಂಗಸಾಧನೆ ಯಾರನ್ನೂ ಚಿರಂಜೀವಿಯಾಗಿಸದು. ಇರುವಷ್ಟು ದಿನ ತನ್ನ ಕೈ ತನ್ನದಾಗಿರುವಂತೆ ಮಾಡುತ್ತದೆ, ಅಷ್ಟೆ. ಆ ಅಷ್ಟು ಎಂಬುದು ಎಷ್ಟು ದೊಡ್ಡದೆಂದು ಕೈ ಕಳೆದುಕೊಂಡವನು ಬಲ್ಲ.

ಆ ವ್ಯಾಯಾಮಶಾಲೆ ಬರಿಯ ಕಬ್ಬಿಣದ ಮನೆಯಾಗಿ ಉಳಿಯಲಿಲ್ಲ. ನಾಟಕಕಾರ ಟಿ. ಪಿ. ಕೈಲಾಸಂ ಅಲ್ಲಿಯ ಆಪ್ತರಾಗಿದ್ದರು. 1946ರಲ್ಲಿ ಕೈಲಾಸಂ ತೀರಿಕೊಂಡ ಮೇಲೆ ಅಯ್ಯರ್ ಅವರು ಆ ಗೆಳೆತನವನ್ನು ‘ಕೈಲಾಸಂ ಸ್ಮರಣೆ’ಯಲ್ಲಿ ಬರೆದಿಟ್ಟರು. ರವಿ ಕಲಾವಿದರು ಎಂಬ ನಾಟಕ ತಂಡವನ್ನೂ ಕಟ್ಟಿದರು. ಅವರ ‘ರೂಪದರ್ಶಿ’ಯನ್ನು ಈಚೆಗೆ ಮತ್ತೆ ಓದಿಸಿ ಕೇಳಿದೆ. ಇಟಲಿಯಲ್ಲಿ ಬಾಲಯೇಸುವಿನ ಚಿತ್ರಕ್ಕೆ ರೂಪದರ್ಶಿಯಾಗಿದ್ದ ಮಗುವೇ ಬೆಳೆದು, ಬದುಕಿನಲ್ಲಿ ಜಾರಿ, ಕೊನೆಗೆ ದ್ರೋಹಿ ಯೂದನ ಮುಖಕ್ಕೂ ರೂಪದರ್ಶಿಯಾಗುವ ಕಥೆ ಅದು. ಮನುಷ್ಯನು ದಿನದಿನವೂ ಮಾಡಿದ್ದು ಅವನ ಮೈಯಲ್ಲಿ, ಮೋರೆಯಲ್ಲಿ ಅಚ್ಚೊತ್ತುತ್ತದೆಂಬುದನ್ನು ವ್ಯಾಯಾಮಗುರುವಿಗಿಂತ ಚೆನ್ನಾಗಿ ಯಾರು ಬಲ್ಲರು? ಕಾದಂಬರಿಕಾರರೂ ಜಟ್ಟಿಯೂ ಒಬ್ಬರೇ ಆಗಿದ್ದರೆಂಬುದು ನನಗೆ ಈಗ ಆಶ್ಚರ್ಯವಾಗಿ ಉಳಿದಿಲ್ಲ. ಎಂಬತ್ತನ್ನು ದಾಟಿ, 1980ರಲ್ಲಿ ಅಯ್ಯರ್ ಅವರು ಕಾಲವಾದರು.

ಕಳೆದ ತಿಂಗಳು ನನ್ನ ತರುಣ ಗುರು ತಂಗಿಯ ಮದುವೆಗೆಂದು ಒಂದು ವಾರ ಬರಲಿಲ್ಲ. ಮೊದಲ ಎರಡು ದಿನ ನಾನು ಬಾಗಿಲನ್ನೇ ನೋಡುತ್ತ ಕುಳಿತೆ. ಅವನು ಬಾರದಿದ್ದದ್ದಕ್ಕೆ ಕೋಪ, ಅದರ ಅಡಿಯಲ್ಲಿ ಒಂದು ದಿನದ ಶ್ರಮ ತಪ್ಪಿತೆಂಬ ನೆಮ್ಮದಿ. ಅಯ್ಯರ್ ಅವರ ಅಂಚೆಯ ಶಿಷ್ಯರು ನೆನಪಾದದ್ದು ಮೂರನೆಯ ಬೆಳಗ್ಗೆ. ಅವರ ಬಾಗಿಲಿಗೆ ಯಾರೂ ಬರುವವರಿರಲಿಲ್ಲ. ಎದ್ದು ಬೀರುವಿನ ಕನ್ನಡಿಯ ಮುಂದೆ ಕುರ್ಚಿ ಹಾಕಿಕೊಂಡೆ. ಕಿಟಕಿಯಾಚೆ ಮಧುಗಿರಿಯ ಏಕಶಿಲೆಯ ಬೆಟ್ಟ ಕಾಣುತ್ತಿತ್ತು. ಒಂದು ಕಾಲದಲ್ಲಿ ಮಕ್ಕಳನ್ನು ಕಟ್ಟಿಕೊಂಡು ಅದರ ನೆತ್ತಿಗೆ ಹತ್ತಿದವನು ನಾನು. ಹೆಬ್ಬೆರಳನ್ನು ಎತ್ತಲು ತೊಡಗಿದೆ. ಹತ್ತು ಸಲ ಯತ್ನಿಸಿದ್ದರಲ್ಲಿ ನಾಲ್ಕು ಸಲ ಎದ್ದಿತು.

ತರುಣನು ಮದುವೆಯ ಲಾಡು ಹಿಡಿದು ಮರಳಿ ಬಂದಾಗ ಆ ನಾಲ್ಕು ಏಳಾಗಿತ್ತು. ಸೀಮೆಸುಣ್ಣ ಇನ್ನೂ ಬೀಳುತ್ತದೆ. ಲಾಡನ್ನು ಬಲಗೈಯಲ್ಲೇ ತೆಗೆದುಕೊಂಡೆ.