ಓದೋ ಉದ್ಯೋಗವೋ: ವಿಶ್ವೇಶ್ವರಯ್ಯನವರ ಬಾಳಿನ ಮೂರು ವರ್ಷಗಳು

ಸೆಪ್ಟೆಂಬರ್ 15ರಂದು ಅಭಿಯಂತರರ ದಿನವನ್ನು ಆಚರಿಸುವಾಗ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಕನ್ನಂಬಾಡಿ ಕಟ್ಟೆ, ಭದ್ರಾವತಿಯ ಕಾರ್ಖಾನೆ, 1955ರ ಭಾರತರತ್ನ ಇವೆಲ್ಲ ನೆನಪಿಗೆ ಬರುವುದು ಸಹಜ. ಆದರೆ ಪದವಿ ಮುಗಿಸಿ, ಮುಂದೆ ಓದಬೇಕೋ ದುಡಿಯಬೇಕೋ ಎಂದು ತೋಚದೆ ನಿಂತಿರುವ ಮಕ್ಕಳಿಗೂ ಅವರ ತಂದೆತಾಯಿಗಳಿಗೂ ಹೆಚ್ಚು ಹತ್ತಿರವಾಗಬೇಕಾದದ್ದು ಆ ಮಹನೀಯರ ಬಾಳಿನ 1881ರಿಂದ 1884ರವರೆಗಿನ ಅವಧಿ. ಸಭೆಗಳಲ್ಲಿ ಅದರ ಮಾತು ಬರುವುದು ಕಡಿಮೆ.

ಮುದ್ದೇನಹಳ್ಳಿಯ ಸಂಸ್ಕೃತ ವಿದ್ವಾಂಸ ಶ್ರೀನಿವಾಸ ಶಾಸ್ತ್ರಿಗಳು ಮಗ ಇನ್ನೂ ಬಾಲಕನಾಗಿದ್ದಾಗಲೇ ತೀರಿಕೊಂಡರು. ತಾಯಿ ವೆಂಕಟಲಕ್ಷ್ಮಮ್ಮನವರು ದಿಟ್ಟತನದಿಂದ ಸಂಸಾರ ನಿಭಾಯಿಸಿದರು. ಬೆಂಗಳೂರಿನಲ್ಲಿ ಸೋದರಮಾವ ರಾಮಯ್ಯನವರ ಆಸರೆ ದೊರೆಯಿತಾದರೂ ಕಾಲೇಜಿನ ಖರ್ಚು ತೂಗಿಸುವುದಕ್ಕೆ ವಿಶ್ವೇಶ್ವರಯ್ಯನವರು ಕೊಡಗಿನ ಅಧಿಕಾರಿಯೊಬ್ಬರ ಮನೆಯ ಮಕ್ಕಳಿಗೆ ಪಾಠ ಹೇಳಬೇಕಾಯಿತು. ಹೀಗೆ ಪಾಠ ಹೇಳುತ್ತ ಪಾಠ ಕಲಿಯುತ್ತ ಸೆಂಟ್ರಲ್ ಕಾಲೇಜಿನಿಂದ 1881ರಲ್ಲಿ ಬಿ.ಎ. ಪದವಿ ಪಡೆದರು.

ಆ ಕಾಲದಲ್ಲಿ ಬಿ.ಎ. ಎಂದರೆ ಇಂದಿನಂತೆ ಮನೆಗೊಂದಲ್ಲ, ಹೋಬಳಿಗೊಂದೂ ಇರಲಿಲ್ಲ. ಪದವೀಧರನಿಗೆ ಸರಕಾರಿ ಕಚೇರಿಯಲ್ಲೋ ಶಾಲೆಯಲ್ಲೋ ಕೆಲಸ ಸಿಗುವುದು ಕಷ್ಟವಾಗಿರಲಿಲ್ಲ. ತಂದೆಯಿಲ್ಲದ ಮನೆ, ಮಾವನ ಋಣ, ಪರರ ಮನೆಯ ಪಾಠ ಇವೆಲ್ಲವನ್ನೂ ಕಂಡವರು ಆ ಯುವಕನಿಗೆ ಸಂಬಳದ ದಾರಿಯನ್ನೇ ತೋರಿಸಿದ್ದರೆ ತಪ್ಪೆನ್ನಲಾಗದು. ಅವರು ಆರಿಸಿಕೊಂಡದ್ದು ಎಂಜಿನಿಯರಿಂಗ್. ಮೈಸೂರು ಸಂಸ್ಥಾನದಲ್ಲಿ ಆಗ ಎಂಜಿನಿಯರಿಂಗ್ ಕಾಲೇಜೇ ಇರಲಿಲ್ಲ. ರೂರ್ಕಿ, ಕಲ್ಕತ್ತೆ, ಮದರಾಸು, ಪುಣೆ ಹೀಗೆ ದೂರದ ಕೆಲವೇ ಊರುಗಳಲ್ಲಿ ಆ ವಿದ್ಯೆ ದೊರೆಯುತ್ತಿತ್ತು.

ಇಲ್ಲಿ ಇಬ್ಬರನ್ನು ನೆನೆಯಲೇಬೇಕು. ಒಬ್ಬರು ಸೆಂಟ್ರಲ್ ಕಾಲೇಜಿನ ಪ್ರಾಂಶುಪಾಲ ಚಾರ್ಲ್ಸ್ ವಾಟರ್ಸ್. ಶಿಷ್ಯನ ಗಣಿತದ ಗತಿಯನ್ನು ಬಲ್ಲವರು. ಇನ್ನೊಬ್ಬರು ದಿವಾನ್ ರಂಗಾಚಾರ್ಲು. ಗುರುವಿನ ಬೆಂಬಲದಿಂದಲೂ ದಿವಾನರ ಕೃಪೆಯಿಂದಲೂ ಮೈಸೂರು ಸರಕಾರದ ವಿದ್ಯಾರ್ಥಿವೇತನ ಮಂಜೂರಾಯಿತು. ಅದು ಎಂಥ ಸಮಯ ಎಂಬುದನ್ನೂ ಗಮನಿಸಬೇಕು. 1876ರಿಂದ 1878ರವರೆಗಿನ ಭೀಕರ ಕ್ಷಾಮದಲ್ಲಿ ಸಂಸ್ಥಾನವು ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತ್ತು. 1881ರಲ್ಲಷ್ಟೇ ರಾಜ್ಯಭಾರ ಒಡೆಯರ ಕೈಗೆ ಮರಳಿತ್ತು. ಬೊಕ್ಕಸ ಬಡವಾಗಿದ್ದ ಕಾಲದಲ್ಲಿ ಹಸಿದ ನಾಡು ಒಬ್ಬ ಹುಡುಗನ ಓದಿಗೆ ಹಣ ಕೊಟ್ಟಿತು. ಇದನ್ನು ದಾಸೋಹವೆಂದರೆ ಅತಿಶಯೋಕ್ತಿಯಾಗದೆಂದು ನಮ್ಮ ಭಾವನೆ.

ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಅವರು ಕಾಲಹರಣ ಮಾಡಲಿಲ್ಲ. 1883ರ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಇಡೀ ಮುಂಬಯಿ ಪ್ರಾಂತಕ್ಕೆ ಮೊದಲಿಗರಾಗಿ ಜೇಮ್ಸ್ ಬರ್ಕ್ಲಿ ಬಹುಮಾನವನ್ನು ಪಡೆದರು. ಈಗ ಎರಡನೆಯ ಕವಲು ಎದುರಾಯಿತು. ಲೋಕೋಪಯೋಗಿ ಇಲಾಖೆಯ ಉನ್ನತ ಹುದ್ದೆಗಳು ಬಹುಮಟ್ಟಿಗೆ ಇಂಗ್ಲೆಂಡಿನ ಕೂಪರ್ಸ್ ಹಿಲ್ ಕಾಲೇಜಿನಲ್ಲಿ ಕಲಿತವರ ಪಾಲಾಗುತ್ತಿದ್ದ ಕಾಲವದು. ಅವರು ಇನ್ನೊಂದು ಪದವಿಗಾಗಿ ಕಡಲು ದಾಟಲಿಲ್ಲ. ಪ್ರಥಮ ಸ್ಥಾನದ ಬಲದಿಂದ ಮುಂಬಯಿ ಸರಕಾರ ನೀಡಿದ ಸಹಾಯಕ ಎಂಜಿನಿಯರ್ ಹುದ್ದೆಯನ್ನು 1884ರಲ್ಲಿ ನಾಸಿಕದಲ್ಲಿ ಸ್ವೀಕರಿಸಿದರು. ಮೊದಲು ಓದನ್ನು ಆರಿಸಿಕೊಂಡವರೇ ಮೂರು ವರ್ಷಗಳ ಬಳಿಕ ಉದ್ಯೋಗವನ್ನು ಆರಿಸಿಕೊಂಡರು. ಇದರಲ್ಲಿ ವಿರೋಧವೇನೂ ಇಲ್ಲ. ಬಿ.ಎ. ಕೈಗೆ ಬಂದಾಗ ಸೇತುವೆ ಕಟ್ಟುವ ವಿದ್ಯೆ ಇರಲಿಲ್ಲ, ಈಗ ಇತ್ತು.

ಕಾಲೇಜು ಕಲಿಸದಿದ್ದುದನ್ನು ಧುಳೆಯ ಸೀಮೆಯ ಪಾಂಜ್ರಾ ನದಿ ಕಲಿಸಿತು. ಕೊಳವೆಯ ಮೂಲಕ ನೀರನ್ನು ಹೊಳೆಯ ಆಚೆ ದಡಕ್ಕೆ ದಾಟಿಸುವ ಸೈಫನ್ ಕಟ್ಟುವ ಹೊಣೆ ಹೊಸಬರ ಪಾಲಿಗೆ ಬಂತು. ಮಳೆಗಾಲ ಹಿಡಿದು ಪ್ರವಾಹ ಬಂದಾಗ, ಕೆಲಸವನ್ನು ಮಳೆ ಮುಗಿಯುವ ತನಕ ಮುಂದೂಡಬೇಕೆಂದು ಮೇಲಧಿಕಾರಿಗೆ ಬರೆದರು. ಅಲ್ಲಿಂದ ಬಂದದ್ದು ಆಕ್ಷೇಪದ ಉತ್ತರ. ಪ್ರಾಂತಕ್ಕೇ ಮೊದಲಿಗನೆಂಬ ಹೆಗ್ಗಳಿಕೆ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಅವರು ಮರಳಿ ಹೊಳೆಗಿಳಿದು ಕಾಮಗಾರಿಯನ್ನು ಪೂರೈಸಿದರು.

ಆಮೇಲಿನ ಬಾಳಿನಲ್ಲಿ ಓದನ್ನೂ ದುಡಿಮೆಯನ್ನೂ ಬೇರ್ಪಡಿಸಿ ನೋಡುವುದು ಕಷ್ಟ. ಸಿಂಧ್ ಪ್ರಾಂತದ ಸುಕ್ಕೂರಿನಲ್ಲಿ ಶೋಧಕ ತೊಟ್ಟಿಗಳಿಗೆ ಹಣವಿಲ್ಲದಿದ್ದಾಗ, ನದಿಯ ಮರಳನ್ನೇ ಜರಡಿಯಾಗಿಸಿ ಸಿಂಧೂ ನದಿಯ ಕೆಸರು ನೀರನ್ನು ತಿಳಿಯಾಗಿಸಿದರು. 1898ರಲ್ಲಿ ರಜೆ ಪಡೆದು ಜಪಾನಿಗೆ ಹೋಗಿ ಅಲ್ಲಿಯ ಶಿಕ್ಷಣವನ್ನೂ ಕೈಗಾರಿಕೆಯನ್ನೂ ಅಭ್ಯಾಸ ಮಾಡಿದರು. 1903ರಲ್ಲಿ ಪುಣೆಯ ಸಮೀಪದ ಖಡಕವಾಸ್ಲಾ ಜಲಾಶಯಕ್ಕೆ ನೀರಿನ ಮಟ್ಟಕ್ಕೆ ತಕ್ಕಂತೆ ತಾವಾಗಿ ತೆರೆದು ಮುಚ್ಚುವ ಬಾಗಿಲುಗಳನ್ನು ಅಳವಡಿಸಿದರು. ಇಲಾಖೆಯ ಅತ್ಯುನ್ನತ ಹುದ್ದೆ ಭಾರತೀಯನಿಗೆ ದೊರೆಯದೆಂಬುದನ್ನು ಕಂಡು 1908ರಲ್ಲಿ ಸೇವೆಯಿಂದ ನಿವೃತ್ತರಾದಾಗಲೂ ಮಾಡಿದ ಮೊದಲ ಕೆಲಸ ವಿದೇಶಗಳಲ್ಲಿ ಅಧ್ಯಯನ ಪ್ರವಾಸ.

ಒಂದು ಮಾತನ್ನು ಮರೆಮಾಚಬಾರದು. ಓದಿಸಿದ್ದು ಮೈಸೂರು, ಇಪ್ಪತ್ತನಾಲ್ಕು ವರ್ಷ ಸೇವೆ ಪಡೆದದ್ದು ಮುಂಬಯಿ. ತವರಿನ ಋಣ ಅಷ್ಟು ಕಾಲ ಬಾಕಿಯಾಗಿಯೇ ಉಳಿಯಿತು. 1909ರಲ್ಲಿ ಮುಖ್ಯ ಎಂಜಿನಿಯರರಾಗಿ ಬಂದು, 1912ರಲ್ಲಿ ದಿವಾನರಾದ ಮೇಲೆ ಅವರು ಅದನ್ನು ತೀರಿಸತೊಡಗಿದರು. ಕಟ್ಟೆಯ ಕಥೆ ಎಲ್ಲರಿಗೂ ತಿಳಿದದ್ದೇ. ನಮ್ಮ ಪ್ರಸ್ತಾಪಕ್ಕೆ ಸೇರಿದ್ದು 1917ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಂಜಿನಿಯರಿಂಗ್ ಕಾಲೇಜು. ತಮ್ಮ ಹಾಗೆ ಪುಣೆಯ ದಾರಿ ಹಿಡಿಯಬೇಕಾದ ಅಗತ್ಯ ಇನ್ನು ಮೈಸೂರಿನ ಹುಡುಗನಿಗೆ ಉಳಿಯಲಿಲ್ಲ.

ಆದರೆ ಎಲ್ಲ ಮನೆಗಳಿಗೂ ದೀರ್ಘ ಓದಿನ ಭಾರ ಹೊರಲಾಗದು. ಬೇಗ ಕೈಕೆಲಸ ಕಲಿತು ಬೇಗ ಸಂಪಾದಿಸಬೇಕಾದ ಮಕ್ಕಳೂ ಉಂಟು. ಭದ್ರಾವತಿ ಕಾರ್ಖಾನೆಯ ಸೇವೆಗಾಗಿ ತಮಗೆ ಬರಬೇಕಾಗಿದ್ದ ಸಂಭಾವನೆಯನ್ನು ಅವರು ಅಂಥವರಿಗಾಗಿ ಮೀಸಲಿಟ್ಟರು. ಆ ಹಣದ ನೆರವಿನಿಂದ 1943ರಲ್ಲಿ ಶ್ರೀ ಜಯಚಾಮರಾಜೇಂದ್ರ ಔದ್ಯೋಗಿಕ ಶಿಕ್ಷಣ ಸಂಸ್ಥೆ ಆರಂಭವಾಯಿತು. ಅದಕ್ಕೆ ಅವರು ತಮ್ಮ ಹೆಸರನ್ನು ಇಡಗೊಡಲಿಲ್ಲ. ಆ ಸಂಸ್ಥೆಯೂ 1917ರ ಕಾಲೇಜೂ ಬೆಂಗಳೂರಿನ ಕೆ.ಆರ್. ವೃತ್ತದ ಆಸುಪಾಸಿನಲ್ಲಿ ಇಂದಿಗೂ ನಡೆಯುತ್ತಿವೆ.